ಔಷಧಿ ಗಂಡನಿಗೂ ಬೇಕು

ಬಿಳಿ ಹೋಗುತ್ತದೆ, ಕೆಳಹೊಟ್ಟೆ ನೋಯುತ್ತದೆ ಎಂದು ಮಂಗಳೂರಿನ ನನ್ನ ಕ್ಲಿನಿಕ್ಕಿಗೆ ಬರುವ ಹೆಂಗಸರಲ್ಲಿ ಹಲವರು ಅಷ್ಟರಲ್ಲೇ ಮೆಡಿಕಲ್‌ನಿಂದ ಮಾತ್ರೆ ತಂದು ನುಂಗಿರುತ್ತಾರೆ. ಹೆಚ್ಚಾಗಿ ಅದು ಭೇದಿಗೆ ಕೊಡುವ ಆಫ್ಲಾಕ್ಸಾಸಿನ್–ಆರ್ನಿಡಜೋಲ್. ಎರಡು ದಿನಕ್ಕೆ ಕಡಿಮೆಯಾಗಿರುತ್ತದೆ, ತಿಂಗಳೊಳಗೆ ಮತ್ತೆ ಶುರು. "ಡಾಕ್ಟ್ರೇ, ಇನ್ನೂ ಪವರಿನದ್ದು ಕೊಡಿ" ಎನ್ನುತ್ತಾರೆ.

ಕಡಿಮೆಯಾದದ್ದೇಕೆ? ಆರ್ನಿಡಜೋಲ್ ಟ್ರೈಕೊಮೊನಾಸ್ ಎಂಬ ಪರಾವಲಂಬಿಯನ್ನು, ಯೋನಿಯ ಬ್ಯಾಕ್ಟೀರಿಯಗಳ ಸಮತೋಲ ತಪ್ಪಿ ಬರುವ ಸ್ರಾವವನ್ನು ಹತೋಟಿಗೆ ತರುತ್ತದೆ. ಜೊತೆಗೆ ಗನೋರಿಯಾ ಎಂಬ ಲೈಂಗಿಕ ಸೋಂಕು ಇದ್ದರೆ ಅದು ಅಲ್ಲಾಡುವುದಿಲ್ಲ. ಅದರ ರೋಗಾಣು ನಮ್ಮ ದೇಶದಲ್ಲಿ ಆಫ್ಲಾಕ್ಸಾಸಿನ್, ಸಿಪ್ರೊಫ್ಲಾಕ್ಸಾಸಿನ್‌ಗಳಿಗೆ ಬಗ್ಗುವುದನ್ನು ಬಹುಪಾಲು ಬಿಟ್ಟು ವರ್ಷಗಳೇ ಆದವು. ಅದರೆದುರು 1940ರ ದಶಕದಲ್ಲೇ ಸಲ್ಫಾ ಔಷಧಿಗಳು ಸೋತಿದ್ದವು. 1976ರಲ್ಲಿ ಪೆನಿಸಿಲಿನ್ನನ್ನೇ ಒಡೆದುಹಾಕುವ ತಳಿ ಕಂಡುಬಂತು. ಈಗಿನ ಮುಖ್ಯ ಆಸರೆ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್. ಅದಕ್ಕೂ ಜಗ್ಗದ ತಳಿ 2009ರಲ್ಲಿ ಜಪಾನಿನಲ್ಲಿ ಸಿಕ್ಕಿದೆ.

ಆದರೆ ಸ್ರಾವ ಮರುಕಳಿಸಿದ ಮಾತ್ರಕ್ಕೆ ಔಷಧಿ ಸೋತಿತೆಂದಲ್ಲ. ನಾನು ಮೊದಲು ಕೇಳುವುದು, ಯಜಮಾನರು ಔಷಧಿ ತೆಗೆದುಕೊಂಡರಾ ಎಂದು. ಗಲ್ಫಿನಿಂದ ರಜೆಗೆ ಬಂದವರಿರಲಿ, ಮನೆಯಲ್ಲೇ ಇರುವವರಿರಲಿ, ಅವರಿಗೆ ಚಿಕಿತ್ಸೆಯಾಗದಿದ್ದರೆ ಹೆಂಡತಿಗೆ ಅದೇ ಸೋಂಕು ಮತ್ತೆ ತಗಲುತ್ತದೆ. ಗಂಡಸರಲ್ಲಿ ಕ್ಲಮಿಡಿಯ ಎಂಬ ಇನ್ನೊಂದು ಲೈಂಗಿಕ ಸೋಂಕು ಮತ್ತು ಟ್ರೈಕೊಮೊನಾಸ್ ಅನೇಕ ಸಲ ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. "ನನಗೇನೂ ಇಲ್ಲ" ಎಂದು ಅವರು ಹೇಳುವುದು ಸುಳ್ಳಾಗಿರಬೇಕಿಲ್ಲ, ಆದರೂ ಮಾತ್ರೆ ಬೇಕು. ಸೋಂಕು ತಿಂಗಳುಗಟ್ಟಲೆ ಸುಮ್ಮನಿರಬಲ್ಲದು. ಯಾರಿಂದ ಯಾರಿಗೆ ಬಂತೆಂದು ಯಾವ ಲ್ಯಾಬ್ ರಿಪೋರ್ಟೂ ಹೇಳುವುದಿಲ್ಲ. ಆ ರಿಪೋರ್ಟ್ ಹಿಡಿದು ಸೊಸೆಯ ನಡತೆಯ ಮೇಲೆ ಬೊಟ್ಟು ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಗಂಡನನ್ನು ಬಿಟ್ಟು ಬೇರೆ ಸಂಬಂಧವೇ ಇಲ್ಲದ ಹೆಂಗಸರಿಗೂ ಇದು ಬರುತ್ತದೆ.

ಹಾಗೆಂದು ಎಲ್ಲ ಬಿಳಿ ಸ್ರಾವವೂ ಲೈಂಗಿಕ ರೋಗವಲ್ಲ. ಒಡೆದ ಹಾಲಿನಂತೆ ಗಟ್ಟಿಯಾಗಿ, ತುರಿಕೆಯೊಡನೆ ಬರುವುದು ಹೆಚ್ಚಾಗಿ ಕ್ಯಾಂಡಿಡಾ ಶಿಲೀಂಧ್ರ. ಬೇಡದ ಆಂಟಿಬಯೋಟಿಕ್ ಅದನ್ನು ಕೆರಳಿಸುತ್ತದೆ. ಗರ್ಭಕೊರಳನ್ನು ನೋಡಿ ಸ್ವಾಬ್ (ಹತ್ತಿಯ ಕಡ್ಡಿಯಲ್ಲಿ ಸ್ರಾವದ ಮಾದರಿ) ತೆಗೆಯದೆ ಇವನ್ನು ಬೇರೆ ಮಾಡುವುದು ಕಷ್ಟ. ಗನೋರಿಯಾಕ್ಕೆ ಔಷಧಿ ನಾಟದಿದ್ದರೆ ಕಲ್ಚರ್, ಅಂದರೆ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ, ಮಾಡಿಸಲೇಬೇಕು. ರೋಗಾಣುವಿನ ವಂಶವಾಹಿಯನ್ನು ಹುಡುಕುವ ಮಾಮೂಲಿ ಪಿಸಿಆರ್ ಪರೀಕ್ಷೆ ರೋಗಾಣು ಇದೆಯೆಂದಷ್ಟೇ ತಿಳಿಸುತ್ತದೆ, ಅದು ಯಾವ ಔಷಧಿಗೆ ಬಗ್ಗುತ್ತದೆಂದು ತಿಳಿಸುವುದಿಲ್ಲ. ತಡಮಾಡಿದರೆ ಗರ್ಭನಾಳ ಕಟ್ಟಿಕೊಂಡು ಬಂಜೆತನ ಬರಬಹುದು, ನಾಳದಲ್ಲೇ ಗರ್ಭ ನಿಲ್ಲಬಹುದು.

ಮಂಗಳೂರಿನ ವೆನ್ಲಾಕ್, ಉಡುಪಿಯ ಅಜ್ಜರಕಾಡಿನಂಥ ಜಿಲ್ಲಾ ಆಸ್ಪತ್ರೆಗಳಲ್ಲಿ ಲೈಂಗಿಕ ಸೋಂಕುಗಳ ಚಿಕಿತ್ಸೆಗೆ ಸುರಕ್ಷಾ ಕ್ಲಿನಿಕ್ ಇರುತ್ತದೆ, ಅಲ್ಲಿ ಔಷಧಿ ಉಚಿತ. ಇಬ್ಬರೂ ಹೋಗಿ. ಇಬ್ಬರ ಚಿಕಿತ್ಸೆ ಮುಗಿದು ಒಂದು ವಾರ ಆಗುವ ತನಕ ಕೂಡಬೇಡಿ. ಮುಟ್ಟು ನಿಂತಿದ್ದರೆ ಮೊದಲೇ ಹೇಳಿ. ಕ್ಲಮಿಡಿಯಕ್ಕೆ ಕೊಡುವ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಗರ್ಭಿಣಿಗೆ ಕೊಡುವಂತಿಲ್ಲ.