ಬೀರುವಿನಲ್ಲೇ ಉಳಿದ ಕಾಗದ: ದಾಖಲೆ ಮುಚ್ಚಿಟ್ಟವರನ್ನು ಕೋರ್ಟು ಏನು ಮಾಡುತ್ತದೆ?

ವಾದಿಯಾದವನು ನಿಜವಾದ ಕೇಸನ್ನೇ ತರಬೇಕು, ನಿಜವಾದ ಸಾಕ್ಷ್ಯದಿಂದಲೇ ಸಾಬೀತು ಮಾಡಬೇಕು ಎಂಬ ಕಾನೂನಿನ ಕಟ್ಟುಪಾಡೇನೂ ಇಲ್ಲ. ಇದು ಮದ್ರಾಸ್ ಹೈಕೋರ್ಟು ಒಂದು ತೀರ್ಪಿನಲ್ಲಿ ಆಡಿದ ಮಾತು. 1993ರಲ್ಲಿ ಸುಪ್ರೀಂ ಕೋರ್ಟು ಆ ಕೇಸನ್ನು ತೀರ್ಮಾನಿಸಿದಾಗ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅದನ್ನು ಓದಿ ಸಿಡಿಮಿಡಿಗೊಂಡರು.

ಕಥೆ ಹೀಗಿದೆ. ಸಾಹುಕಾರರೊಬ್ಬರಿಗೆ ಸಾಲ ವಸೂಲಿಯ ಡಿಕ್ರಿ, ಅಂದರೆ ಕೋರ್ಟಿನ ತೀರ್ಮಾನದ ಆದೇಶ, ಆಗಿತ್ತು. ಸಾಲಗಾರರ ಆಸ್ತಿ ಕೋರ್ಟು ಹರಾಜಿಗೆ ಬಂದಾಗ ಸಾಹುಕಾರರ ಗುಮಾಸ್ತ ಧಣಿಯ ಪರವಾಗಿ, ಆದರೆ ತನ್ನ ಹೆಸರಿನಲ್ಲಿ, ಅದನ್ನು ಕೂಗಿಕೊಂಡ. 1945ರಲ್ಲಿ ತನಗೆ ಅದರಲ್ಲಿ ಯಾವ ಹಕ್ಕೂ ಇಲ್ಲವೆಂದು ಧಣಿಗೆ ಹಕ್ಕು ಬಿಡುಗಡೆ ಪತ್ರ ಬರೆದು ನೋಂದಣಿ ಮಾಡಿಸಿಕೊಟ್ಟ. ಸಾಲಗಾರರು ಸಾಹುಕಾರರ ಬಾಕಿಯನ್ನೂ ತೀರಿಸಿದರು. ಅಷ್ಟಾದ ಮೇಲೂ ಅದೇ ಗುಮಾಸ್ತ, ಹರಾಜಿನಲ್ಲಿ ಕೊಂಡವನು ನಾನು, ನನ್ನ ಪಾಲು ಕೊಡಿಸಿ ಎಂದು ವಿಭಾಗದ ದಾವೆ ಹೂಡಿದ. ಬಿಡುಗಡೆ ಪತ್ರದ ಸುದ್ದಿಯನ್ನೇ ಎತ್ತಲಿಲ್ಲ. ಪಾಲು ಉಂಟೆಂದು ಹೇಳುವ ಪ್ರಾಥಮಿಕ ಡಿಕ್ರಿಯೂ ಅವನ ಕಡೆಗೇ ಆಯಿತು. ಅಂತಿಮ ಡಿಕ್ರಿಯ ಹಂತದಲ್ಲಿ ಎದುರಾಳಿಗಳಿಗೆ ಆ ಪತ್ರದ ಸುಳಿವು ಸಿಕ್ಕಿತು. ಡಿಕ್ರಿ ಮೋಸದಿಂದ ಪಡೆದದ್ದು ಎಂಬ ಅವರ ಮಾತನ್ನು ಕೆಳಗಿನ ಕೋರ್ಟು ಒಪ್ಪಿದರೂ ಹೈಕೋರ್ಟು ಒಪ್ಪಲಿಲ್ಲ.

ಎಸ್.ಪಿ. ಚೆಂಗಲ್ವರಾಯ ನಾಯ್ಡು ಪ್ರಕರಣವೆಂದು ವಕೀಲರು ಇಂದಿಗೂ ಉದ್ಧರಿಸುವ ತೀರ್ಪು ಇದೇ. ವ್ಯಾಜ್ಯಕ್ಕೆ ಸಂಬಂಧಪಟ್ಟಂತೆ ತಾನು ಬರೆದುಕೊಟ್ಟ ಪತ್ರಗಳನ್ನೆಲ್ಲ ಕಕ್ಷಿದಾರ ಹಾಜರುಪಡಿಸಲೇಬೇಕು. ಲಾಭಕ್ಕಾಗಿ ಮುಖ್ಯ ಪತ್ರವನ್ನು ಮುಚ್ಚಿಟ್ಟರೆ ಅದು ಎದುರಾಳಿಗೆ ಮಾತ್ರವಲ್ಲ, ಕೋರ್ಟಿಗೂ ಮಾಡಿದ ಮೋಸ ಎಂದಿತು ಸುಪ್ರೀಂ ಕೋರ್ಟು. ಡಿಕ್ರಿ ಬಿದ್ದುಹೋಯಿತು. ಸಬ್ ರಿಜಿಸ್ಟ್ರಾರ್ ಕಚೇರಿಯ ಪುಸ್ತಕದಲ್ಲೇ ಇದ್ದ ಪತ್ರ ಅದು. ಬರೆದು 48 ವರ್ಷವಾದ ಮೇಲೆ ಕೆಲಸಕ್ಕೆ ಬಂತು.

ಇಷ್ಟು ತಡವಾಗಲು ಕಾರಣ ಕಾನೂನಿನಲ್ಲಿ ಶಿಕ್ಷೆ ಇಲ್ಲದ್ದಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 'ಆದೇಶ 11' ಎಂಬ ಅಧ್ಯಾಯ, ಇಂಗ್ಲೆಂಡಿನ ಚಾನ್ಸರಿ ಕೋರ್ಟುಗಳ 'ಡಿಸ್ಕವರಿ' ಪದ್ಧತಿಯಿಂದ ಬಂದದ್ದು. ನಿಮ್ಮಲ್ಲಿರುವ ಕಾಗದಪತ್ರಗಳನ್ನು ಪ್ರಮಾಣ ಮಾಡಿ ತಿಳಿಸಿ ಎಂದು ಎದುರಾಳಿಗೆ ಕೋರ್ಟಿನಿಂದ ಅಪ್ಪಣೆ ಕೊಡಿಸಬಹುದು. ಆ ಅಪ್ಪಣೆ ಮೀರಿದರೆ 21ನೇ ನಿಯಮ ಕಾದಿದೆ: ಮೀರಿದವನು ವಾದಿಯಾದರೆ ದಾವೆ ವಜಾ, ಪ್ರತಿವಾದಿಯಾದರೆ ಅವನ ತಕರಾರೇ ರದ್ದು. ಹಾಗೆ ವಜಾ ಆದ ವಾದಿ ಅದೇ ಕಾರಣಕ್ಕೆ ಮತ್ತೆ ದಾವೆ ಹೂಡುವಂತಿಲ್ಲ ಎಂದು 1976ರ ತಿದ್ದುಪಡಿ ಇನ್ನೊಂದು ಬೀಗ ಜಡಿಯಿತು.

ಆದರೆ ಗಂಟಲನ್ನೇ ಹಿಸುಕುವ ಶಿಕ್ಷೆಗೆ ಯಾವ ನ್ಯಾಯಾಧೀಶರ ಕೈ ಸುಲಭವಾಗಿ ಏಳುತ್ತದೆ? 1978ರ ಬಬ್ಬರ್ ಸೂಯಿಂಗ್ ಮೆಷಿನ್ ಕಂಪನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಲಗಾಮು ಹಾಕಿತು. ಬೇಕೆಂದೇ, ಹಟದಿಂದ ಆದೇಶವನ್ನು ಧಿಕ್ಕರಿಸಿದಾಗ ಮಾತ್ರ, ಅದೂ ಕೊನೆಯ ಅಸ್ತ್ರವಾಗಿ ಇದನ್ನು ಬಳಸಬೇಕು ಎಂದಿತು. ತತ್ತ್ವವಾಗಿ ತಪ್ಪೇನಿಲ್ಲ. ಆದರೆ ಮುಚ್ಚಿಡುವವನಿಗೆ ಇದರಿಂದ ತಿಳಿದದ್ದು, ಕತ್ತಿ ಗೋಡೆಗೆ ನೇತುಹಾಕಿದ್ದು ಎಂಬುದು. ಇನ್ನೊಂದು ತೊಡಕು ಅದಕ್ಕಿಂತ ದೊಡ್ಡದು. ಡಿಸ್ಕವರಿ ಬೇಕಾದವರು ಅರ್ಜಿ ಹಾಕಿ ಕೇಳಬೇಕು. ಎದುರಿನವರ ಟ್ರಂಕಿನಲ್ಲಿ ಏನಿದೆ ಎಂಬ ಅಂದಾಜೇ ಇಲ್ಲದವರು ಏನೆಂದು ಕೇಳಿಯಾರು?

ಹಾಗಾಗಿ ದಿನನಿತ್ಯದ ಕೇಸುಗಳಲ್ಲಿ ನಡೆದದ್ದು ಮೆತ್ತಗಿನ ಅಸ್ತ್ರ, ಪ್ರತಿಕೂಲ ಊಹೆ. ತೋರಿಸಬಹುದಾದ ಕಾಗದವನ್ನು ತೋರಿಸದಿದ್ದರೆ, ತೋರಿಸಿದ್ದರೆ ಅದು ನಿಮಗೇ ವಿರುದ್ಧವಾಗುತ್ತಿತ್ತು ಎಂದು ಕೋರ್ಟು ಭಾವಿಸಬಹುದು. ಇದರ ಬೇರು 1722ರ ಲಂಡನ್ನಿನಲ್ಲಿದೆ. ಹೊಗೆಗೂಡು ಗುಡಿಸುವ ಹುಡುಗನಿಗೆ ಒಂದು ಒಡವೆ ಸಿಕ್ಕಿತು. ಬೆಲೆ ತಿಳಿಯಲು ಅಕ್ಕಸಾಲಿಯ ಅಂಗಡಿಗೆ ಒಯ್ದ. ತೂಕ ನೋಡುವ ನೆವದಲ್ಲಿ ಕೆಲಸದಾಳು ಹರಳುಗಳನ್ನು ಕಿತ್ತಿಟ್ಟುಕೊಂಡು ಬರೀ ಚೌಕಟ್ಟನ್ನು ಹಿಂದಿರುಗಿಸಿದ. ಕೇಸಾದಾಗ ಹರಳು ಹಾಜರಾಗಲಿಲ್ಲ. ಹಾಗಿದ್ದರೆ ಆ ಚೌಕಟ್ಟಿಗೆ ಕೂರಬಹುದಾದ ಅತ್ಯುತ್ತಮ ಹರಳಿನ ಬೆಲೆಯನ್ನೇ ಕಟ್ಟಿ ಎಂದು ಮುಖ್ಯ ನ್ಯಾಯಮೂರ್ತಿ ಪ್ರಾಟ್ ಜ್ಯೂರಿಗೆ ಹೇಳಿದರು.

ನಮ್ಮಲ್ಲಿ ಈ ತತ್ತ್ವ 1872ರ ಸಾಕ್ಷ್ಯ ಅಧಿನಿಯಮದ 114ನೇ ಕಲಮಿನ 'ಜಿ' ದೃಷ್ಟಾಂತವಾಯಿತು. 2024ರ ಜುಲೈಯಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 119ನೇ ಕಲಮಿನಲ್ಲಿದೆ. ಸಾಬೀತು ಮಾಡುವ ಹೊಣೆ ನನ್ನದಲ್ಲ, ನಾನೇಕೆ ತೋರಿಸಲಿ ಎಂಬುದು ಹಳೆಯ ಜಾಣತನ. 1917ರಲ್ಲಿ ಮುರುಗೇಶಂ ಪಿಳ್ಳೈ ಪ್ರಕರಣದಲ್ಲಿ ಆಗ ನಮಗೆ ಕೊನೆಯ ಮೇಲ್ಮನವಿ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಇದನ್ನು ಖಂಡಿಸಿತು. 1968ರಲ್ಲಿ ಕಲ್ಯಾಣದ ಬಳಿಯ ಹಾಜಿ ಮಲಂಗ್ ದರ್ಗಾದ ಜಮೀನಿನ ಕೇಸಿನ ತೀರ್ಪು ಬಂತು. ದರ್ಗಾದ ಉಸ್ತುವಾರಿ ಕೇತಕರ್ ಎಂಬ ಬ್ರಾಹ್ಮಣ ಮನೆತನದ್ದು. ಇದೂ ನಮ್ಮ ದೇಶದ ಒಂದು ಸೊಗಸು. ಜಮೀನು ಸ್ವಂತದ್ದೆಂದು ವಾದಿಸಿದ ಅವರು ತಮ್ಮ ಕೈಯಲ್ಲೇ ಇದ್ದ ಆದಾಯದ ಲೆಕ್ಕವನ್ನು ಹೊರತೆಗೆಯಲಿಲ್ಲ. ಸಾಬೀತಿನ ಹೊಣೆ ಯಾರದ್ದೇ ಇರಲಿ, ಕೈಯಲ್ಲಿದ್ದ ಲೆಕ್ಕ ತೋರಿಸದಿದ್ದರೆ ಊಹೆ ಅವರ ವಿರುದ್ಧವೇ ಎಂದಿತು ಸುಪ್ರೀಂ ಕೋರ್ಟು.

ಮುಚ್ಚಿಟ್ಟ ಕಾಗದ ಇದೆ ಎಂಬುದೇ ಗೊತ್ತಿಲ್ಲದಾಗ ಈ ಊಹೆಯೂ ನಿಷ್ಪ್ರಯೋಜಕ. ಇನ್ನು ಹಣದ ಬಿಸಿ ಮುಟ್ಟಿಸೋಣವೆಂದರೆ, ಸುಳ್ಳೆಂದು ತಿಳಿದೂ ನಡೆಸಿದ ವ್ಯಾಜ್ಯಕ್ಕೆ ಸಂಹಿತೆಯ 35ಎ ಕಲಮು ಕೊಡಿಸುವ ಪರಿಹಾರದ ಮಿತಿ 3,000 ರೂಪಾಯಿ.

2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಈ ಕ್ರಮವನ್ನು ತಲೆಕೆಳಗು ಮಾಡಿತು. ಎದುರಾಳಿ ಕೇಳುವವರೆಗೆ ಕಾಯುವಂತಿಲ್ಲ. ವಾದಿ ದಾವೆಯ ಜೊತೆಗೇ, ಪ್ರತಿವಾದಿ ಲಿಖಿತ ಹೇಳಿಕೆಯ ಜೊತೆಗೇ, ತಮ್ಮ ವಶದಲ್ಲಿರುವ ಸಂಬಂಧಪಟ್ಟ ದಾಖಲೆಗಳನ್ನೆಲ್ಲ ಪಟ್ಟಿ ಮಾಡಿ ಪ್ರತಿ ಕೊಡಬೇಕು. ತನಗೆ ಅನುಕೂಲವಾಗಲಿ ಪ್ರತಿಕೂಲವಾಗಲಿ ಕೊಡಲೇಬೇಕು, ಎಲ್ಲವನ್ನೂ ಕೊಟ್ಟಿದ್ದೇನೆಂದು ಪ್ರಮಾಣವನ್ನೂ ಮಾಡಬೇಕು. ಕೇಸು ಮುಗಿಯುವವರೆಗೂ ಈ ಹೊಣೆ ತಪ್ಪದು. ಆಗ ಕೊಡದ ಕಾಗದವನ್ನು ಆಮೇಲೆ ತರಬೇಕಾದರೆ ಸಕಾರಣ ತೋರಿಸಿ ಕೋರ್ಟಿನ ಅನುಮತಿ ಪಡೆಯಬೇಕು. ಬೇಕೆಂದೋ ಅಲಕ್ಷ್ಯದಿಂದಲೋ ಮುಚ್ಚಿಟ್ಟವರ ಮೇಲೆ ದಂಡರೂಪದ ಖರ್ಚು ಹೇರಬಹುದು. ಆ 3,000ದ ಮಿತಿಯೂ ವಾಣಿಜ್ಯ ವ್ಯಾಜ್ಯಗಳಿಗೆ ಇಲ್ಲವಾಯಿತು. ಕಾಯ್ದೆ ಅನ್ವಯಿಸಲು ಇರಬೇಕಾದ ಕನಿಷ್ಠ ಮೌಲ್ಯ ಮೊದಲು 1 ಕೋಟಿ ರೂಪಾಯಿ ಇತ್ತು, 2018ರಲ್ಲಿ 3 ಲಕ್ಷಕ್ಕೆ ಇಳಿಯಿತು.

ಹೀಗಾಗಿ ಬೆಂಗಳೂರಿನ ಇಬ್ಬರು ಸಗಟು ವ್ಯಾಪಾರಿಗಳು 4 ಲಕ್ಷದ ಸರಕಿಗಾಗಿ ಜಗಳವಾಡಿದರೆ, ಇಬ್ಬರೂ ಮೊದಲ ಹಂತದಲ್ಲೇ ಬೀರು ತೆರೆದು ಪ್ರಮಾಣ ಮಾಡಬೇಕು. ಅಣ್ಣ ತಮ್ಮಂದಿರು, ಅಕ್ಕ ತಂಗಿಯರು ಕೋಟಿಗಟ್ಟಲೆ ಬೆಲೆಯ ಪಿತ್ರಾರ್ಜಿತ ಜಮೀನಿನ ಪಾಲಿಗೆ ಹೋರಾಡಿದರೆ ಆ ಕಾಯ್ದೆ ಅವರಿಗೆ ಅನ್ವಯಿಸದು. ವಾಟ್ನಿ ಪತ್ರವೋ ಉಯಿಲೋ ಹಕ್ಕು ಬಿಡುಗಡೆ ಪತ್ರವೋ ಯಾರದೋ ಬೀರುವಿನಲ್ಲಿ ಉಳಿದುಬಿಡುವುದು ಇಂಥ ದಾವೆಗಳಲ್ಲೇ. ಅಲ್ಲಿ ಈಗಲೂ ಹಳೆಯ ಆದೇಶ 11. ಕೇಳಲು ತಿಳಿದವರೇ ಅರ್ಜಿ ಹಾಕಿ ಕೇಳಬೇಕು.