ಗದ್ದೆ ಮತ್ತೆ ಕಾಡಾಗುವ ಮೊದಲು

ಮುತ್ತೋಡಿಗೆ ಸಫಾರಿ ಹೋದವರು ಕಾಡಿನ ನಡುವೆ ಹುಲ್ಲಿನ ಬಯಲು ಸಿಕ್ಕರೆ ಕಣ್ಣರಳಿಸುತ್ತಾರೆ. ಜಿಂಕೆ ಹಿಂಡು, ಕಾಟಿ (ಕಾಡುಕೋಣ) ಮೇಯುವುದು ಅಲ್ಲೇ. ಭದ್ರಾ ಅಭಯಾರಣ್ಯದ ಇಂಥ ಎಷ್ಟೋ ಬಯಲುಗಳಲ್ಲಿ 25 ವರ್ಷದ ಹಿಂದೆ ಭತ್ತ ಬೆಳೆಯುತ್ತಿತ್ತು. ಬೇಸಾಯದ ನೆಲವನ್ನು ಕಾಡಿಗೆ ಬಿಡುವ ರೀವೈಲ್ಡಿಂಗ್ ಬಗ್ಗೆ ಈಗ ಎಲ್ಲ ಕಡೆ ಮಾತಿದೆ. ಆದರೆ ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲೇ ಅದು ಆಗಿಹೋಗಿದೆ.

1951ರಲ್ಲಿ ಜಾಗರ ಕಣಿವೆ ಅಭಯಾರಣ್ಯವಾಯಿತು. 1974ರಲ್ಲಿ ಅದನ್ನು ಹಿಗ್ಗಿಸಿ ಭದ್ರಾ ಎಂದು ಹೆಸರಿಟ್ಟರು. ಹೆಬ್ಬೆ, ಕೆಸವೆ, ಹಿಪ್ಲ, ಮಡ್ಲದಂಥ ಊರುಗಳು ಒಳಗೇ ಉಳಿದವು. ಅಲ್ಲಿಂದ ಶುರುವಾಯಿತು ಜನರ ಪಾಡು. ಬಸ್ಸಿಲ್ಲ, ಆಸ್ಪತ್ರೆ ದೂರ. ಪೈರು ಹಾಲುಗಟ್ಟುವ ಹೊತ್ತಿಗೆ ಆನೆ, ಹಂದಿ. ಜೊತೆಗೆ ಯಾವಾಗ ಒಕ್ಕಲೆಬ್ಬಿಸುತ್ತಾರೋ ಎಂಬ ಭಯ. ಕಾಡಿಗೂ ಸುಖವಿರಲಿಲ್ಲ: 80ರ ದಶಕದ ಕೊನೆಯಲ್ಲಿ ದನಗಳಿಗೆ ತಗಲುವ ದೊಡ್ಡರೋಗ (ರಿಂಡರ್‌ಪೆಸ್ಟ್) ಬಂದು ಕಾಟಿಗಳು ರಾಶಿ ರಾಶಿ ಸತ್ತವು.

1998ರಲ್ಲಿ ಭದ್ರಾ ಹುಲಿ ಯೋಜನೆಗೆ ಸೇರಿತು. 2001–02ರಲ್ಲಿ 400ಕ್ಕೂ ಹೆಚ್ಚು ಕುಟುಂಬಗಳು ಹೊರಬಂದವು. ಬಹುಪಾಲು ಜನ ಹೋಗಿದ್ದು ತರೀಕೆರೆ ತಾಲೂಕಿನ ಎಂ.ಸಿ. ಹಳ್ಳಿಗೆ, ಉಳಿದವರು ಕೆಳಗೂರಿಗೆ. ಇಲ್ಲಿ ನನಗೆ ಮುಖ್ಯ ಅನ್ನಿಸುವುದು ಒಂದೇ. ಸುಮ್ನೆ ದುಡ್ಡು ಕೊಟ್ಟು ಕಳಿಸಲಿಲ್ಲ, ಜಮೀನಿಗೆ ಜಮೀನು ಕೊಟ್ಟರು. ಎಂ.ಸಿ. ಹಳ್ಳಿಯಲ್ಲಿ ಸಿಕ್ಕಿದ್ದು ನೀರಾವರಿ ಜಮೀನು. ಜನ ಒಪ್ಪಿದ್ದು ಅದಕ್ಕೇ.

ಇತ್ತ ಬಿಟ್ಟ ಗದ್ದೆ ಮಾರನೇ ವರ್ಷವೇ ಕಾಡಾಗುವುದಿಲ್ಲ. ಉತ್ತು ಉತ್ತು ತಳ ಗಟ್ಟಿಯಾದ ನೆಲ, ಮಳೆಗಾಲದಲ್ಲಿ ನೀರು ನಿಲ್ಲುತ್ತದೆ. ಮೊದಲು ಬರುವುದು ಹುಲ್ಲು, ಜೊಂಡು. ಸಸಿ ಎದ್ದರೆ ಜಿಂಕೆ ಚಿಗುರಲ್ಲೇ ಮೇಯುತ್ತದೆ. ಹಾಗಾಗಿ ಬದುಗಳ ಗೆರೆ ವರ್ಷಗಟ್ಟಲೆ ಕಾಣುತ್ತದೆ, ಮನೆ ಇದ್ದ ಕಡೆ ಹಲಸು, ಮಾವು ನಿಂತೇ ಇರುತ್ತವೆ. ಒಣ ಅಂಚುಗಳಿಗೆ ಲಂಟಾನ, ಯುಪಟೋರಿಯಂನಂಥ ಕಳೆ ನುಗ್ಗುತ್ತದೆ. ಅದನ್ನು ಕಿತ್ತು ಹಡ್ಲು, ಅಂದರೆ ಈ ಹುಲ್ಲಿನ ಬಯಲು, ಉಳಿಸಿಕೊಂಡರೆ ಮಾತ್ರ ಮೇವು, ಮೇವಿದ್ದರೆ ಜಿಂಕೆ, ಜಿಂಕೆಯಿದ್ದರೆ ಹುಲಿ.

ಹಾಸನದ ಕಥೆ ಉಲ್ಟಾ. ಹೇಮಾವತಿ ಅಣೆಕಟ್ಟಿನಿಂದ ಮುಳುಗಡೆಯಾದವರಿಗೆ ಆಲೂರು, ಸಕಲೇಶಪುರ ಕಡೆ ಕಾಡು ಜಾಗವನ್ನೇ ಕೊಟ್ಟರು. ಆನೆಗೆ ಓಡಾಡಲು ಉಳಿದದ್ದು ಕಾಫಿ ತೋಟ, ಗದ್ದೆ. 2014ರಲ್ಲಿ 22 ಆನೆ ಹಿಡಿದು ಸಾಗಿಸಿದರು. ಆದರೂ ಆನೆ ಕಾಟ ನಿಲ್ಲಲಿಲ್ಲ. ಹೆತ್ತೂರು ಭಾಗದ ರೈತರು ಬೇಸತ್ತು, 'ನ್ಯಾಯವಾದ ಬೆಲೆ ಕೊಡಿ, ನಮ್ಮ ಜಮೀನು ನೀವೇ ತಗೊಳ್ಳಿ' ಎಂದು ಸರ್ಕಾರವನ್ನೇ ಕೇಳಿದ್ದಾರೆ.

ಕೇಳಿಕೆ ನ್ಯಾಯವಾದದ್ದೇ. ಆದರೆ ಕಾಫಿ ತೋಟಕ್ಕೆ ಬೆಲೆ ಕಟ್ಟುವುದು ಗದ್ದೆಗೆ ಕಟ್ಟಿದಷ್ಟು ಸುಲಭವಲ್ಲ. ಗಿಡ, ಮೆಣಸಿನ ಬಳ್ಳಿ, ನೆರಳಿನ ಮರ ಎಲ್ಲಕ್ಕೂ ಲೆಕ್ಕ ಬೇಕು. ತೋಟದೊಳಗಿನ ಲೈನ್ ಮನೆಯಲ್ಲಿ (ಕೂಲಿಗಳ ಸಾಲುಮನೆಯಲ್ಲಿ) ಇರುವ ಕೂಲಿಯವರ ಹೆಸರಲ್ಲಿ ಒಂದು ಪಹಣಿಯೂ ಇರುವುದಿಲ್ಲ ಅಲ್ವಾ? ತೋಟ ಕಾಡಾದರೆ ಅವರ ಕೆಲಸವೂ ಹೋಗುತ್ತದೆ, ಸೂರೂ ಹೋಗುತ್ತದೆ. ಪರಿಹಾರದ ಪಟ್ಟಿ ಬರೆಯಲು ಕೂತಾಗ ಅವರ ಹೆಸರು ಮೊದಲ ಹಾಳೆಯಲ್ಲೇ ಇರಬೇಕು.