ಕರಗಿಹೋದ ಹಿಮ ಎಷ್ಟು ದಪ್ಪವಿತ್ತು?

ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಒಕೊಟೋಕ್ಸ್ ಪಟ್ಟಣದ ಬಳಿ, ಬಯಲಿನ ನಡುವೆ 16,000 ಟನ್ನಿಗೂ ಹೆಚ್ಚು ತೂಕದ ಒಂದು ಕ್ವಾರ್ಟ್ಜೈಟ್ (ಬೆಣಚಿನ ಗಟ್ಟಿ ಕಲ್ಲು) ಬಂಡೆಯಿದೆ. ಸುತ್ತಲಿನ ನೆಲದಲ್ಲಿ ಆ ಜಾತಿಯ ಕಲ್ಲೇ ಇಲ್ಲ. ಅದರ ತವರು ನೂರಾರು ಕಿಲೋಮೀಟರ್ ಆಚೆಯ ರಾಕಿ ಪರ್ವತ. ಅಂಥದ್ದೇ ಬಂಡೆಗಳು ಆ ಪರ್ವತಗಳ ತಪ್ಪಲಿನುದ್ದಕ್ಕೂ ಒಂದು ಕಿರಿದಾದ ಪಟ್ಟಿಯಾಗಿ ಸಾಲುಗಟ್ಟಿವೆ. ಹಿಮನದಿಯೊಂದರ ಮೇಲೆ ಕುಸಿದುಬಿದ್ದ ಅವು ಅದರ ಜೊತೆಗೇ ಸಾಗಿದವು. ಪೂರ್ವದಿಂದ ಒತ್ತಿಕೊಂಡು ಬಂದ ಲಾರೆಂಟೈಡ್ ಹಿಮಹಾಸು (ಕಳೆದ ಹಿಮಯುಗದಲ್ಲಿ ಕೆನಡಾದ ಬಹುಭಾಗವನ್ನು ಮುಚ್ಚಿದ್ದ ಹಿಮದ ಹೊದಿಕೆ) ಅಡ್ಡಲಾದಾಗ ಆ ಹಿಮನದಿ ದಕ್ಷಿಣಕ್ಕೆ ತಿರುಗಿತು. ಎರಡು ಹಿಮರಾಶಿಗಳು ಸಂಧಿಸಿದ ಗೆರೆಯನ್ನು ಇಂದಿಗೂ ಆ ಬಂಡೆಗಳ ಸಾಲೇ ತೋರಿಸಿಕೊಡುತ್ತದೆ.

ಯುರೋಪಿನ ಬಹುಭಾಗವನ್ನು ಒಮ್ಮೆ ಹಿಮ ಮುಚ್ಚಿತ್ತೆಂದು ಸ್ವಿಸ್ ವಿಜ್ಞಾನಿ ಲೂಯಿ ಅಗಾಸಿ 1837ರಲ್ಲಿ ವಾದಿಸಿದಾಗ ಹಲವರು ಒಪ್ಪಲಿಲ್ಲ. ಈಗ ಹಿಮದ ಅಂಚನ್ನು ಗುರುತಿಸುವುದು ಹೆಚ್ಚುಕಡಿಮೆ ಸಾಧ್ಯವಾಗಿದೆ. ಹಿಮದ ತಳಕ್ಕೆ ಅಂಟಿದ ಕಲ್ಲುಗಳು ಶಿಲೆಯ ಮೇಲೆ ಎಳೆದ ಗೀರುಗಳಿಂದ ಚಲನೆಯ ದಿಕ್ಕು ತಿಳಿಯುತ್ತದೆ. ಹಿಮದ ಮುಂಚೂಣಿ ನಿಂತಲ್ಲಿ ಕಲ್ಲುಮಣ್ಣಿನ ದಿಬ್ಬ, ಅಂದರೆ ಮೊರೇನ್, ಉಳಿಯುತ್ತದೆ. ನ್ಯೂಯಾರ್ಕಿನ ಲಾಂಗ್ ಐಲೆಂಡ್ ದ್ವೀಪದ ಬೆನ್ನೆಲುಬೇ ಅಂಥ ದಿಬ್ಬಗಳು. ಕಾಲವನ್ನು ಹೇಳುವುದು ಬೆರಿಲಿಯಂ-10 ಎಂಬ ವಿರಳ ಪರಮಾಣು. ಹಿಮ ಸರಿದು ಬಂಡೆ ಆಕಾಶಕ್ಕೆ ತೆರೆದುಕೊಂಡ ಮೇಲೆ ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ಬಡಿದು ಅದರ ಬೆಣಚಿನಲ್ಲಿ ಈ ಪರಮಾಣುಗಳು ನಿಧಾನವಾಗಿ ಕೂಡುತ್ತಾ ಹೋಗುತ್ತವೆ. ಅವನ್ನು ಎಣಿಸಿದರೆ ಬಂಡೆ ಹೊರಬಿದ್ದು ಎಷ್ಟು ಕಾಲವಾಯಿತೆಂದು ಲೆಕ್ಕ ಸಿಗುತ್ತದೆ.

ನಿಜವಾದ ಕಷ್ಟವಿರುವುದು ದಪ್ಪದಲ್ಲಿ. ಅಂಚು ನೆಲದ ಮೇಲೆ ಗುರುತು ಬಿಡುತ್ತದೆ, ಹಿಮದ ಮೇಲ್ಮೈ ಗಾಳಿಯಲ್ಲೇ ಕರಗಿಹೋಗುತ್ತದೆ. ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿ ಕೆಳಗೆ ಉಜ್ಜಿ ನುಣುಪಾದ ಶಿಲೆ, ಮೇಲೆ ಒಡೆದ ಕಲ್ಲುಗಳ ರಾಶಿ ಕಾಣುತ್ತದೆ. ಇವೆರಡರ ನಡುವಿನ ಗೆರೆಯೇ ಹಿಮದ ಮೇಲ್ಮಟ್ಟ, ಶಿಖರಗಳು ಅದರಿಂದ ಹೊರಗೆ ತಲೆಯೆತ್ತಿದ್ದವು ಎಂದು ಬಹುಕಾಲ ನಂಬಲಾಗಿತ್ತು. ಆದರೆ ಆ ಶಿಖರಗಳ ಮೇಲೂ ಬೇರೆಡೆಯಿಂದ ಬಂದ ಬಂಡೆಗಳು ಸಿಕ್ಕವು. ಅವುಗಳ ಕಾಲನಿರ್ಣಯ ಮಾಡಿದಾಗ ಅವು ಅಲ್ಲಿಗೆ ಬಂದದ್ದು ಕಳೆದ ಹಿಮಯುಗದಲ್ಲೇ ಎಂದು ತಿಳಿಯಿತು. ಹಿಮ ಶಿಖರಗಳನ್ನೂ ಮುಚ್ಚಿತ್ತು. ಅಲ್ಲಿ ಅದರ ತಳ ಶಿಲೆಗೆ ಹೆಪ್ಪುಗಟ್ಟಿ ಅಂಟಿಕೊಂಡಿದ್ದರಿಂದ ಜಾರಲಿಲ್ಲ, ಉಜ್ಜಲೂ ಇಲ್ಲ. ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಮುಖ್ಯವೆನಿಸುವುದು ಇದೇ: ಗೀರಿಲ್ಲದ ಕಡೆ ಹಿಮವೇ ಇರಲಿಲ್ಲವೆಂದು ಹೇಳುವಂತಿಲ್ಲ.

ಹಾಗಾಗಿ ದಪ್ಪವನ್ನು ಭೂಮಿಯನ್ನೇ ಕೇಳಬೇಕಾಯಿತು. ಹಿಮದ ಭಾರಕ್ಕೆ ಭೂಮಿಯ ಹೊರಪದರ ಮಲಗಿದವರ ಕೆಳಗಿನ ಹಾಸಿಗೆಯಂತೆ ತಗ್ಗುತ್ತದೆ. ಎದ್ದ ಮೇಲೆ ಮಾತ್ರ ಅದು ಮೊದಲಿನಂತಾಗಲು ಸಾವಿರಾರು ವರ್ಷ ಬೇಕು, ಏಕೆಂದರೆ ಆಳದಲ್ಲಿ ಪಕ್ಕಕ್ಕೆ ಸರಿದ ಶಿಲಾದ್ರವ್ಯ ಬಲು ನಿಧಾನವಾಗಿ ಮರಳುತ್ತದೆ. 1731ರಲ್ಲಿ ಖಗೋಳವಿಜ್ಞಾನಿ ಆಂಡರ್ಸ್ ಸೆಲ್ಸಿಯಸ್ ಸ್ವೀಡನ್ನಿನ ಕರಾವಳಿಯ ಬಂಡೆಯೊಂದರ ಮೇಲೆ ನೀರಿನ ಮಟ್ಟವನ್ನು ಕೊರೆಸಿದರು. ಸಮುದ್ರದ ನೀರೇ ಇಂಗುತ್ತಿದೆ ಎಂಬುದು ಅವರ ಊಹೆ. ಏರುತ್ತಿದ್ದುದು ನೆಲ. ಸ್ವೀಡನ್, ಫಿನ್ಲೆಂಡ್‌ಗಳ ನಡುವಿನ ಬೋತ್ನಿಯಾ ಕೊಲ್ಲಿಯ ಉತ್ತರದಲ್ಲಿ ಅದು ಇಂದಿಗೂ ವರ್ಷಕ್ಕೆ ಸುಮಾರು 9 ಮಿಲಿಮೀಟರ್ ಏರುತ್ತಿದೆ. ಸ್ವೀಡನ್ನಿನ 'ಎತ್ತರದ ಕರಾವಳಿ'ಯಲ್ಲಿ ಹಳೆಯ ಸಮುದ್ರತೀರ ಈಗ ಸುಮಾರು 285 ಮೀಟರ್ ಮೇಲಿದೆ. ಎಲ್ಲಿ ಎಷ್ಟು ಏರಿತೆಂಬುದನ್ನು ಜೋಡಿಸಿ ಹಿಂದಕ್ಕೆ ಲೆಕ್ಕ ಹಾಕಿದರೆ ಒತ್ತಿದ್ದ ಭಾರದ ಅಂದಾಜು ಸಿಗುತ್ತದೆ; ಕೆನಡಾದ ಹಡ್ಸನ್ ಕೊಲ್ಲಿಯ ಸುತ್ತ ಹಿಮ 3 ಕಿಲೋಮೀಟರ್ ಆಸುಪಾಸು ದಪ್ಪವಿತ್ತು ಎನ್ನುವ ಮಾತಿಗೆ ಇಂಥ ಲೆಕ್ಕಗಳೇ ಆಧಾರ. ಆದರೆ ಒಳಗಿನ ಶಿಲಾದ್ರವ್ಯ ಎಷ್ಟು ಮಂದವೆಂದು ಎಣಿಸುತ್ತೇವೋ ಅದರಂತೆ ಉತ್ತರವೂ ಬದಲಾಗುತ್ತದೆ.

ಇದನ್ನು ಪರೀಕ್ಷಿಸಲು ಸಮುದ್ರವಿದೆ. ಸುಮಾರು 20,000 ವರ್ಷಗಳ ಹಿಂದೆ ಸಮುದ್ರಮಟ್ಟ ಇಂದಿಗಿಂತ 120ರಿಂದ 130 ಮೀಟರ್ ಕೆಳಗಿತ್ತೆಂದು ಬಾರ್ಬಡೋಸ್‌ನಂಥ ಕಡೆಯ, ಆಳವಿಲ್ಲದ ನೀರಿನಲ್ಲಿ ಬೆಳೆದು ಈಗ ಮುಳುಗಿರುವ ಹವಳಗಳು ತಿಳಿಸುತ್ತವೆ. ಅಷ್ಟು ನೀರು ನೆಲದ ಮೇಲೆ ಹಿಮವಾಗಿ ಇರಲೇಬೇಕಿತ್ತು. ಆದರೆ ಉತ್ತರ ಅಮೆರಿಕ, ಯುರೋಪ್, ಅಂಟಾರ್ಕ್ಟಿಕಾಗಳ ಹಿಮಹಾಸುಗಳನ್ನು ನೆಲದ ಪುರಾವೆಗಳಿಂದ ಕಟ್ಟಿ ಕೂಡಿದಾಗ ಹಲವು ಲೆಕ್ಕಗಳಲ್ಲಿ ಮೊತ್ತ ಕಡಿಮೆ ಬೀಳುತ್ತದೆ. ಆ ಹಿಮ ಎಲ್ಲಿತ್ತೆಂದು ಕೆಲವರು ಇನ್ನೂ ಹುಡುಕುತ್ತಿದ್ದಾರೆ. ಇನ್ನು ಕೆಲವರು ಸಮುದ್ರಮಟ್ಟದ ಅಂದಾಜನ್ನೇ ಮತ್ತೆ ಅಳೆಯುತ್ತಿದ್ದಾರೆ.